ಅಮಾಪೋಲಾ ಟಾಕೀಸಿನ ಕಾಕರೋ

ತಾಂಪಿಕೋ
೨೦೧೯ ನವೆಂಬರ್ ೧೬, ಶನಿವಾರ

ಪ್ರೀತಿಯ ತಮ್ಮ ಲಿಸಾಂದ್ರೋ,

ನಿನ್ನ ಮಂಡಿನೋವು ಹೇಗಿದೆ? ಎನ್ಸೆನಾದಾದಲ್ಲಿ ಈಗಾಗಲೇ ಚಳಿ ಶುರುವಾಗಿದೆಯಂತೆ, ಟಿ.ವಿ.ಯಲ್ಲಿ ತೋರಿಸಿದರು. ನಾನು ಹೆಣೆದು ಕಳಿಸಿದ ಉಣ್ಣೆಯ ಪಟ್ಟಿಯನ್ನು ಮಂಡಿಗೆ ಕಟ್ಟಿಕೊಳ್ಳುತ್ತಿದ್ದೀಯೋ ಅಥವಾ ಅದಿನ್ನೂ ಬೀರುವಿನಲ್ಲೇ ಇದೆಯೋ? ಬೀರುವಿನಲ್ಲೇ ಇದೆ, ನನಗೆ ಗೊತ್ತು. ನಿನ್ನ ಹೆಂಡತಿಗೆ ಹೇಳು, ನೀನು ನಿದ್ದೆ ಹೋದಾಗ ಅವಳೇ ಕಟ್ಟಿಬಿಡಲಿ.

ಮೂರು ವಾರ ಒಂದು ಸಾಲೂ ಬರೆಯದೆ ಕೂತಿದ್ದಕ್ಕೆ ಕ್ಷಮೆ ಇರಲಿ. ನೀನು ಎರಡು ಸಲ ಫೋನು ಮಾಡಿದಾಗ ಒಮ್ಮೆ "ಒಲೆ ಮೇಲೆ ಸಾರಿದೆ" ಎಂದೆ, ಇನ್ನೊಮ್ಮೆ "ಬಾಗಿಲಲ್ಲಿ ಯಾರೋ ಬಂದಿದಾರೆ" ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ, ಬಾಗಿಲಲ್ಲಿ ಯಾರೂ ಇರಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನಾನು ಎರಡನೇ ಮಾತಿಗೆ ಬರುವಷ್ಟರಲ್ಲಿ ನೀನು ರೇಗಿಬಿಡುತ್ತೀ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಬಾಯಿ ಹಾಕುವಂತಿಲ್ಲ.

ವಿಷಯ ನಿನಗೆ ಗೊತ್ತೇ ಇದೆ. ಅಮಾಪೋಲಾ ಟಾಕೀಸನ್ನು ರಿಪೇರಿ ಮಾಡಿ ಮತ್ತೆ ತೆರೆಯುವ ಸಮಿತಿಯವರು ಸೆಪ್ಟೆಂಬರಿನಲ್ಲಿ ನಮ್ಮಿಬ್ಬರಿಗೂ ಬರೆದಿದ್ದರಲ್ಲ. ಅಪ್ಪ ಮೂವತ್ತೆರಡು ವರ್ಷ ಪ್ರೊಜೆಕ್ಟರ್ ಓಡಿಸಿದ ಆ ಕೋಣೆಗೆ ಅವನ ಹೆಸರನ್ನೇ ಇಡುತ್ತೇವೆ, ಬಾಗಿಲಿಗೆ ಹಿತ್ತಾಳೆ ಫಲಕ ಹಾಕಿ "ಪ್ಲುತಾರ್ಕೋ ಓಲ್ವೇರಾ, ಕಾಕರೋ" ಎಂದು ಕೆತ್ತಿಸುತ್ತೇವೆ, ಮಕ್ಕಳಿಬ್ಬರ ಒಪ್ಪಿಗೆಯ ಸಹಿ ಬೇಕು ಎಂದು. ಅದಕ್ಕೆ ನೀನು ನನಗೆ ಬರೆದ ಉತ್ತರ ಹೊಲಿಗೆ ಪೆಟ್ಟಿಗೆಯಲ್ಲಿ ಇನ್ನೂ ಇದೆ. "ಅಕ್ಕಾ, ಆ ಊರು ಅಪ್ಪಂಗೆ ಜೀವಮಾನ ಪೂರ್ತಿ ಬೈದ ಬೈಗುಳಾನ ಈಗ ಹಿತ್ತಾಳೇಲಿ ಕೆತ್ತಿಸ್ತಾರಂತಾ? ನೀನೇ ಹೋಗಿ ಮುಖದ ಮೇಲೆ ಹೊಡೆದ ಹಾಗೆ ಆಗಲ್ಲ ಅಂತ ಹೇಳಿ ಬಾ. ಅಲ್ಲಿ ಕೂರ್ಬೇಡ, ಸಿನಿಮಾ ನೋಡ್ಬೇಡ, ಅವರ ನೀರೂ ಕುಡೀಬೇಡ."

ನಾನು ಹೋದೆ. ಕೂತೆ. ಸಿನಿಮಾ ನೋಡಿದೆ. ನೀರು ಕುಡಿಯಲಿಲ್ಲ, ಎರಡು ಲೋಟ ದಾಸವಾಳದ ಶರಬತ್ತು ಕುಡಿದೆ. ಆಗಲ್ಲ ಎಂದು ಮಾತ್ರ ಇನ್ನೂ ಹೇಳಿಲ್ಲ. ಈಗ ಎದ್ದು ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡಿ ಸಿಟ್ಟು ಇಳಿಸಿಕೊಂಡು ಬಾ, ಆಮೇಲೆ ಮುಂದೆ ಓದು.

ನಿನ್ನ ಸಿಟ್ಟು ನನಗೆ ಅರ್ಥವಾಗದ್ದಲ್ಲ. ನಮ್ಮ ದೇಶದಲ್ಲಿ ಯಾವ ಊರಿನ ಟಾಕೀಸಿಗೆ ಹೋದರೂ, ತೆರೆಯ ಮೇಲೆ ಚಿತ್ರ ಒಂದಿಷ್ಟು ಅಲುಗಿದರೆ ಸಾಕು, ಜನ ಆಪರೇಟರನ್ನು "ಕಾಕರೋ!" ಎಂದು ಕೂಗುತ್ತಾರೆ. ಆ ಹೆಸರಿನ ಮೊದಲನೆಯವನು ಯಾವನೋ ಸಿಡುಬಿನ ಕಲೆಯವನಂತೆ. ಉಳಿದ ಆಪರೇಟರುಗಳಿಗೆ ಅದು ಬರೀ ಕೂಗು. ನಮ್ಮ ಅಪ್ಪನ ಮುಖದಲ್ಲಿ ನಿಜವಾಗಿಯೇ ಸಿಡುಬಿನ ಕಲೆಗಳಿದ್ದವು. "ಕಾಕರೋನ ಮಗ" ಎಂದ ಬೆಸ್ತರ ಹುಡುಗನ ಜೊತೆ ಬಿದ್ದಾಡಿ ಹನ್ನೆರಡನೇ ವಯಸ್ಸಿಗೆ ನೀನು ಮುಂದಿನ ಹಲ್ಲು ಕಳೆದುಕೊಂಡೆ. ಇಪ್ಪತ್ತಕ್ಕೆ ಊರನ್ನೇ ಬಿಟ್ಟೆ. ಅಪ್ಪನ ಮಣ್ಣಿಗೆ ಬಂದವನು ಮಾರನೆಯ ದಿನವೇ ಬಸ್ಸು ಹತ್ತಿದೆ. ಶಿಳ್ಳೆ ಹಾಕಿಕೊಂಡು ಮನೆಗೆ ಬರುತ್ತಿದ್ದ ಅಪ್ಪ ಬರಬರುತ್ತಾ ಮಾತೇ ಆಡದವನಾದ, ಈ ಊರಿನವರು ಕೂಗಿ ಕೂಗಿ ಅವನ ಬಾಯಿ ಕಟ್ಟಿಸಿದರು ಎಂದು ನೀನು ಹೇಳಿದಾಗಲೆಲ್ಲ ನಾನು ಹೂಂಗುಟ್ಟಿದ್ದೇನೆ.

ಅಕ್ಟೋಬರ್ ಇಪ್ಪತ್ತೇಳರ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ ಸಮಿತಿಯ ಕಾರ್ಯದರ್ಶಿ ಇಂಜಿನಿಯರ್ ಸೆಪೂಲ್ವೆದಾ ಅವರೇ ಕಾರು ತಂದರು. ತುಂಬಾ ಮರ್ಯಾದಸ್ಥ ಮನುಷ್ಯ, ಆದರೆ ಶರ್ಟಿನ ಎರಡನೇ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ನಾನು ಆ ನೀಲಿ ಉಡುಪಿಗೆ ಹೊಸ ಕಾಲರ್ ಹಾಕಿಕೊಂಡಿದ್ದೆ. ಬೇಡ ಎನ್ನಲು ಹೋಗುವವಳಾದರೂ ಕೊಳಕಾಗಿ ಹೋಗಬಾರದಲ್ಲ. ಕಾರಿನಲ್ಲಿ ಅವರು, "ಸೆನ್ಯೋರಾ ಎದೆಲ್ಮಿರಾ, ಮೊದಲು ಸಿನಿಮಾ ನೋಡಿ. ಕಾಗದದ ಮಾತು ಆಮೇಲೆ ಆಡೋಣ" ಎಂದರು. ಕಾಗದ ಅವರ ಜೇಬಿನಿಂದ ಇಣುಕುತ್ತಿತ್ತು.

ಲಿಸಾಂದ್ರೋ, ಆ ಕಟ್ಟಡದ ಕಡೆಯ ದಿನಗಳನ್ನು ನಾನು ನೋಡಿದ್ದೆ. ಮೊದಲು ಪೀಠೋಪಕರಣದ ಗೋದಾಮಾಯಿತು, ಆಮೇಲೆ ಯಾವುದೋ ಪಂಥದವರ ಪ್ರಾರ್ಥನಾ ಮಂದಿರ, ಆಮೇಲೆ ಪಾರಿವಾಳಗಳ ಮನೆ. ಎದುರಿನ ಗೋಡೆಯಲ್ಲಿ ಅತ್ತಿ ಗಿಡ ಬೆಳೆದಿತ್ತು. ಅದನ್ನು ದಾಟಿ ಮಾರುಕಟ್ಟೆಗೆ ಹೋಗುವಾಗ ನಾನು ರಸ್ತೆಯ ಆ ಬದಿಗೆ ಹೋಗಿಬಿಡುತ್ತಿದ್ದೆ. ಈಗ ಕಾರಿನಿಂದ ಇಳಿದವಳು ತಲೆ ಎತ್ತಿ ನೋಡಿ, ಪಾದಚಾರಿ ಮಾರ್ಗದ ಮೇಲೆಯೇ ನಿಂತುಬಿಟ್ಟೆ. ಬಾಗಿಲ ಮೇಲಿನ ಕೆಂಪು ಗಸಗಸೆ ಹೂವು ನಿನಗೆ ನೆನಪಿದೆಯೇ? ಗಾಜಿನದ್ದು, ಒಂದು ಎತ್ತಿನ ಬಂಡಿಯಷ್ಟು ದೊಡ್ಡದು. ಹಾಡಹಗಲಿನಲ್ಲಿ ಅದಕ್ಕೆ ದೀಪ ಹಾಕಿದ್ದರು. ಬಿಸಿಲಿಗೂ ಜಗ್ಗದೆ ಉರಿಯುತ್ತಿತ್ತು.

ನಮಗೆ ಗೊತ್ತಿದ್ದದ್ದು ಓಣಿಯ ಕಡೆಯ ಬಾಗಿಲು, ಗ್ಯಾಲರಿಯ ಮರದ ಮೆಟ್ಟಿಲು, ಕಡಲೆಕಾಯಿ ಸಿಪ್ಪೆ, ಬೆವರಿನ ವಾಸನೆ. ಈ ಸಲ ಮುಂಬಾಗಿಲಿನಿಂದ ಹೋದೆವು. ನೆಲಕ್ಕೆ ಹಸಿರು ಬಿಳಿ ಕಲ್ಲು, ಎರಡೂ ಕಡೆ ಮೆಟ್ಟಿಲು, ಕಂಬಗಳ ಬುಡದಲ್ಲಿ ಕಂಚಿನ ಮೊಸಳೆಗಳು. ಮೊಸಳೆಗಳ ಮೂಗನ್ನು ಜನ ಸವರಿ ಸವರಿ ಹೊಳೆಯುವಂತೆ ಮಾಡಿದ್ದರಲ್ಲ, ಆ ಹೊಳಪನ್ನು ಹಾಗೆಯೇ ಬಿಟ್ಟಿದ್ದಾರೆ. ನಾನೂ ಸವರಿದೆ. ಒಳಗೆ ಕಾಲಿಟ್ಟಾಗ ನನ್ನ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಪಕ್ಕದಲ್ಲಿದ್ದ ಅಪರಿಚಿತ ಗಂಡಸೊಬ್ಬ ನನ್ನ ತೋಳು ಹಿಡಿದು, "ಏನಾಯ್ತು ತಾಯಿ, ತಲೆ ಸುತ್ತಿತಾ?" ಎಂದ. "ಇಲ್ಲಪ್ಪ, ಮೇಲೆ ನೋಡು" ಎಂದೆ. ಅವನೂ ಮೇಲೆ ನೋಡಿ ಅಲ್ಲೇ ನಿಂತ. ಇಬ್ಬರೂ ಹಿಂದಿನವರಿಗೆ ದಾರಿ ಕಟ್ಟಿಬಿಟ್ಟೆವು.

ಆಕಾಶವಿತ್ತು ಅಲ್ಲಿ. ಕತ್ತಲಾಗುವ ಮುಂಚಿನ ನಮ್ಮ ನದಿಯ ಮೇಲಿನ ಆಕಾಶ, ಅಂಚಿನಲ್ಲಿ ಕಿತ್ತಳೆ, ಮೇಲೆ ಹೋದಂತೆ ನೀಲಿ. ಮಧ್ಯದಲ್ಲಿ ಸಣ್ಣ ಸಣ್ಣ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ನಾವು ಚಿಕ್ಕವರಿದ್ದಾಗ ಆ ಛಾವಣಿ ಸಿಗರೇಟಿನ ಹೊಗೆಗೆ ಕಪ್ಪಾಗಿತ್ತು, ಅಲ್ಲೊಂದು ಚಿತ್ರವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಗ್ಯಾಲರಿಯಲ್ಲಿ ಅದರ ಕೆಳಗೇ ಕೂತಿದ್ದೆವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ! ಹನ್ನೊಂದು ಜನ ಹೆಣ್ಣುಮಕ್ಕಳು ಎರಡು ವರ್ಷ ಮಲಗಿಕೊಂಡು ಹತ್ತಿ ಉಂಡೆಯಿಂದ ಅದನ್ನು ಒರೆಸಿದರಂತೆ. ಮೂರು ಆಳೆತ್ತರದ ಮಖಮಲ್ಲಿನ ಪರದೆಯನ್ನು ನಾನು ಹೋಗಿ ಮುಟ್ಟಿಯೇ ನೋಡಿದೆ. ಅಂಚನ್ನು ಕೈಯಲ್ಲೇ ಹೊಲಿದಿದ್ದಾರೆ ಕಣೋ, ಒಂದೊಂದು ಹೊಲಿಗೆಯೂ ಒಂದೇ ಅಳತೆ. ಐವತ್ತು ವರ್ಷ ಹೊಲಿಗೆ ಮಾಡಿದವಳು ಹೇಳುತ್ತಿದ್ದೇನೆ, ನನ್ನಿಂದ ಆಗುತ್ತಿರಲಿಲ್ಲ.

ಚಿತ್ರ ಯಾವುದೆಂದು ಕೇಳುತ್ತೀಯಲ್ಲವೆ? "ದೋಣಿಕಟ್ಟೆಯ ವಿಧವೆ". ಇನ್ನೇನು ಹಾಕುತ್ತಾರೆ? ಪ್ರತಿ ವರ್ಷ ಒಂದು ವಾರ ಅದು ಬರಲೇಬೇಕಿತ್ತು, ಅಮ್ಮ ಪ್ರತಿ ವರ್ಷ ಅಳಲೇಬೇಕಿತ್ತು. ರಾಜಧಾನಿಯಿಂದ ಹಳೆಯ ರೀಲುಗಳನ್ನೇ ತರಿಸಿದ್ದರು. ದೀಪಗಳು ಆರಿದವು, ಛಾವಣಿಯ ನಕ್ಷತ್ರಗಳು ಮಾತ್ರ ಒಂದು ಗಳಿಗೆ ಉಳಿದು ಅವೂ ಹೋದವು. ಪರದೆ ಸರಿಯಿತು. ಆ ವಿಧವೆ ಹಗ್ಗ ಹಿಡಿದು ನದಿಯತ್ತ ಮುಖ ತಿರುಗಿಸಿದಳು. ಒಂದು ಮನೆಯಷ್ಟು ದೊಡ್ಡ ಮುಖ, ಲಿಸಾಂದ್ರೋ. ಇಷ್ಟು ವರ್ಷ ಟಿ.ವಿ.ಯಲ್ಲಿ ಅಂಗೈಯಗಲದ್ದನ್ನು ನೋಡಿ ನೋಡಿ ಮರೆತೇಬಿಟ್ಟಿದ್ದೆ. ಅವಳ ಕಣ್ಣಿನ ರೆಪ್ಪೆಯೇ ನನ್ನ ತೋಳಿನಷ್ಟಿತ್ತು. ಅವಳು ರೆಪ್ಪೆ ಬಡಿದಾಗ ಸಾವಿರದ ಇನ್ನೂರು ಜನ ಉಸಿರು ಬಿಗಿಹಿಡಿದರು. ನಾನು ನನ್ನ ಕೈಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದೆ, ದೇವಸನ್ನಿಧಿಯಲ್ಲಿ ಕೂತ ಹಾಗೆ.

ಆದರೂ ಹಳೆಯ ಚಾಳಿ ಬಿಡುತ್ತದೆಯೇ? ನನ್ನ ಕಣ್ಣು ಆಗಾಗ ತೆರೆಯ ಮೇಲಿನ ಬಲಮೂಲೆಗೇ ಹೋಗುತ್ತಿತ್ತು. ಅಪ್ಪ ನಮಗೆ ಹೇಳಿಕೊಟ್ಟಿದ್ದನಲ್ಲ, ಒಂದು ರೀಲು ಮುಗಿಯುವ ಮುಂಚೆ ಅಲ್ಲೊಂದು ದುಂಡು ಚುಕ್ಕೆ ಮಿಂಚುತ್ತದೆ, ಆಗ ಎರಡನೇ ಯಂತ್ರ ಚಾಲೂ ಮಾಡಬೇಕು, ಏಳು ಎಣಿಸುವಷ್ಟರಲ್ಲಿ ಇನ್ನೊಂದು ಚುಕ್ಕೆ, ಆಗ ಈ ಯಂತ್ರದಿಂದ ಆ ಯಂತ್ರಕ್ಕೆ ದಾಟಿಸಿಬಿಡಬೇಕು ಎಂದು. ಜನ ಮುಖ ನೋಡುತ್ತಿದ್ದರು, ನಾವು ಮಕ್ಕಳು ಚುಕ್ಕೆ ಕಾಯುತ್ತಿದ್ದೆವು. ಮೊದಲ ಚುಕ್ಕೆ ಬಂತು. ನಾನು ಒಳಗೊಳಗೇ ಎಣಿಸಿದೆ. ಏಳಕ್ಕೆ ಸರಿಯಾಗಿ ಎರಡನೆಯದು ಬಂತು, ನದಿ ಒಂದಿಷ್ಟೂ ತಡವರಿಸದೆ ಹರಿಯಿತು. ಮೇಲಿರುವವರು ಯಾರೋ ಕೆಲಸ ಬಲ್ಲವರು ಎಂದುಕೊಂಡೆ.

ಅಷ್ಟು ಹೊಗಳಿದ್ದೇ ತಪ್ಪಾಯಿತೇನೋ. ಸೇತುವೆ ಉದ್ಘಾಟನೆಗೆ ಮೇಯರ್ ಬಂದು ಭಾಷಣ ಬಿಗಿಯುವ ಭಾಗ ಇದೆಯಲ್ಲ, ಅಲ್ಲಿ ಚಿತ್ರ ಜಾರಿತು. ಮೇಯರ್‌ನ ಬೂಟು ತೆರೆಯ ಮೇಲ್ಗಡೆ, ತಲೆ ಕೆಳಗಡೆ, ನಡುವೆ ದಪ್ಪ ಕಪ್ಪು ಗೆರೆ. ಆಮೇಲೆ ಬಂತು ನೋಡು!

"ಕಾಕರೋ!"

"ಏಯ್ ಕಾಕರೋ, ಎದ್ದೇಳೋ!"

"ಪಕ್ಕದಲ್ಲಿರೋಳನ್ನ ಬಿಟ್ಟು ಮಿಷನ್ ನೋಡೋ!"

"ನಮ್ಮ ದುಡ್ಡು ವಾಪಸ್ ಕೊಡೋ!"

ಶಿಳ್ಳೆ, ಚಪ್ಪಾಳೆ, ಕಾಲು ಬಡಿತ. ನಗರಸಭೆಯ ದೊಡ್ಡ ಮನುಷ್ಯರು, ರೇಷ್ಮೆ ಶಾಲಿನ ಹೆಂಗಸರು, ಎಲ್ಲರೂ ಬಾಯಿಯ ಸುತ್ತ ಅಂಗೈ ಬಾಗಿಸಿಕೊಂಡು ಕೂಗುತ್ತಿದ್ದರು. ನನ್ನ ಪಕ್ಕದಲ್ಲಿ ಸೆಪೂಲ್ವೆದಾ ಕೂಡ! ನೀನು ಹೇಳಿದ್ದೇ ಸರಿ ಎಂದುಕೊಂಡೆ. ಎದ್ದೆ. "ಎಲ್ಲಿಗೆ ಸೆನ್ಯೋರಾ?" ಎಂದು ಅವರು ಕೇಳುತ್ತಿದ್ದಂತೆಯೇ ನಾಲ್ಕು ಜನರ ಕಾಲು ತುಳಿದು ಹೊರಬಂದೆ. ಬಾಲ್ಕನಿಗೆ ಲಿಫ್ಟು, ಅಲ್ಲಿಂದ ಹದಿನಾಲ್ಕು ಕಬ್ಬಿಣದ ಮೆಟ್ಟಿಲು. "ಕಿಡಿ ಬಿದ್ರೆ ಎಲ್ಲಾ ಭಸ್ಮ" ಎಂದು ಅಪ್ಪ ನಮ್ಮನ್ನು ಒಂದು ದಿನವೂ ಹತ್ತಗೊಡದ ಮೆಟ್ಟಿಲು. ಎಪ್ಪತ್ತನೇ ವಯಸ್ಸಿನಲ್ಲಿ ಹತ್ತಿದೆ, ಒಳಗಿರುವವನ ಕಿವಿ ಹಿಂಡಲೆಂದು.

ಒಳಗಿದ್ದವನು ಅವನಲ್ಲ, ಅವಳು. ಇಪ್ಪತ್ತಾರು ವರ್ಷದ ಹುಡುಗಿ, ಯಾರೆಲಿ ಎಂದು ಹೆಸರು, ತಲೆಗೆ ಕರವಸ್ತ್ರ ಕಟ್ಟಿಕೊಂಡು ಯಂತ್ರದ ತಿರುಪಿನ ಮೇಲೆ ಕೈ ಇಟ್ಟು ನಿಂತಿದ್ದಳು. ಅವಳ ಹಿಂದೆ ಸ್ಟೂಲಿನ ಮೇಲೆ, ಯಾರು ಹೇಳು ನೋಡೋಣ? ತ್ರಿನಿ ಅತ್ತೆ! ನಮಗೆ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದ, ಗದ್ದಲ ಮಾಡಿದರೆ ಅದೇ ಟಾರ್ಚಿನಿಂದ ತಲೆಗೆ ಮೊಟಕುತ್ತಿದ್ದ ಅದೇ ತ್ರಿನಿ ಅತ್ತೆ. ಎಂಬತ್ತಾರು ಆಗಿದೆ, ಒಣಗಿ ಕಡ್ಡಿಯಾಗಿದ್ದಾಳೆ, ನಾಲಗೆ ಮಾತ್ರ ಹಾಗೆಯೇ ಇದೆ.

"ಬಂದ್ಳು ನೋಡು ಪ್ಲುತಾರ್ಕೋ ಮಗಳು. ಮುಖ ನೋಡೇ ಅವಳದ್ದು, ಹುಳಿ ಮಾವಿನಕಾಯಿ ಕಚ್ಚಿದೋಳ ಥರ" ಎಂದಳು.

"ಅಜ್ಜೀ, ದಯವಿಟ್ಟು ಸಿಟ್ಟಾಗ್ಬೇಡಿ. ಬೇಕು ಅಂತಾನೇ ಮಾಡಿದ್ದು" ಎಂದಳು ಹುಡುಗಿ. ತಿರುಪನ್ನು ಒಂದಿಷ್ಟು ಮುಟ್ಟಿದಳು, ಮೇಯರ್‌ನ ತಲೆ ಅವನ ಕತ್ತಿನ ಮೇಲೆ ಹೋಗಿ ಕೂತಿತು.

"ಬೇಕು ಅಂತಾನಾ? ತ್ರಿನಿ ಅತ್ತೆ, ನಿಮಗಾದ್ರೂ ನಾಚಿಕೆ ಬೇಡ್ವಾ? ನಮ್ಮಪ್ಪನ ಜೀವ ತಿಂದ ಕೂಗು ಅದು!"

"ಜೀವ ತಿಂತಾ? ಯಾರೇ ಹೇಳಿದ್ದು ನಿಂಗೆ ಆ ಮಾತನ್ನ?" ಮುದುಕಿ ನನ್ನ ಉಡುಪಿನ ತೋಳು ಹಿಡಿದು ಎಳೆದಳು. "ಬಾ ಇಲ್ಲಿ. ಆ ಕಿಟಕಿಗೆ ಕಿವಿ ಕೊಡು. ಏನು ಕೇಳುತ್ತೆ ಹೇಳು."

ಗೋಡೆಯಲ್ಲಿ ಒಂದು ಪುಸ್ತಕದಷ್ಟು ಕಿಟಕಿ, ಎರಡು ಪದರ ದಪ್ಪ ಗಾಜು. ಕಿವಿ ಇಟ್ಟೆ. ಕೋಣೆಯ ತುಂಬ ಯಂತ್ರದ್ದೇ ಗರಗರ. ಕೆಳಗೆ ಅಷ್ಟು ಜನ ಇದ್ದರಲ್ಲ, ಒಂದು ಪಿಸುಮಾತೂ ಇಲ್ಲ. ವಿಧವೆ ಮೇಯರ್‌ಗೆ ಉತ್ತರ ಕೊಡುವ ಆ ಮಾತಿಗೆ ಎಲ್ಲರೂ ನಗುತ್ತಾರಲ್ಲ, ಆಗ ತಲೆಗಳು ಅಲ್ಲಾಡಿದ್ದು ಕಂಡಿತು. ನಗು ಕೇಳಲಿಲ್ಲ.

"ಏನೂ ಕೇಳಲ್ಲ" ಎಂದೆ.

"ಹಾಂ. ಆಗಿನ ಮಿಷನ್ನು ಇವಕ್ಕಿಂತ ದುಪ್ಪಟ್ಟು ಸದ್ದು, ಸೆಕೆಗೆ ಅಂಗಿ ಬಿಚ್ಚಿ ಕೂರ್ತಿದ್ದ. ಜನ ನಕ್ಕರೂ ಗೊತ್ತಾಗ್ತಿರ್ಲಿಲ್ಲ, ಅತ್ತರೂ ಗೊತ್ತಾಗ್ತಿರ್ಲಿಲ್ಲ. ಬರೀ ನೆತ್ತಿಗಳು ಕಾಣ್ಸೋದು. ನಾನು ಕಾಫಿ ತಗೊಂಡು ಬಂದ್ರೆ ಕೇಳೋನು, 'ತ್ರಿನಿ, ಅತ್ರಾ?' 'ಅತ್ರು ಕಣೋ.' 'ಎಷ್ಟು ಜನ?' 'ನಾನೇನು ಕಣ್ಣೀರು ಎಣಿಸೋಕೆ ಇದೀನಾ?' ದಿನಾ ಇದೇ ಜಗಳ. ಒಂದಿನ ಹೀಗೇ ಮೇಯರ್ ಭಾಷಣದ ಹೊತ್ತಲ್ಲಿ ಚಿತ್ರ ಜಾರ್ತು. ನಾನು ಇಲ್ಲೇ ಇದ್ದೆ. ಕೆಳಗಿಂದ ಬಂತು ನೋಡು ಕೂಗು, ಎರಡು ಗಾಜೂ ದಾಟ್ಕೊಂಡು. ನಿಮ್ಮಪ್ಪನ ಮುಖ ನೋಡ್ಬೇಕಿತ್ತು ನೀನು! ಮಗು ಮೊದಲ ಸಲ ಅತ್ತಾಗ ಕೇಳಿಸ್ಕೊಂಡ ಹಾಗೆ ಮಾಡ್ದ. 'ಇದಾರೆ ಕಣೇ ತ್ರಿನಿ, ಕೆಳಗೆ ಇದಾರೆ!' ಅಂದ."

ಆ ಮೇಲೆ ಅಪ್ಪ ಅದನ್ನೇ ಅಭ್ಯಾಸ ಮಾಡಿಕೊಂಡನಂತೆ. ಯಾವ ಚಿತ್ರವಾದರೂ ಒಂದೇ ಸಲ, ತಿರುಪಿಗೆ ಬೆರಳು ತಾಗಿಸಿ ತೆಗೆಯುವಷ್ಟು. ಅಳುವ ಕಡೆ ಎಂದೂ ಇಲ್ಲ, ಮುದ್ದಿನ ಕಡೆ ಎಂದೂ ಇಲ್ಲ. ಭಾಷಣ, ಉಪದೇಶ, ಪೊಲೀಸರ ವಿಚಾರಣೆ, ಅಂಥ ಕಡೆ ಮಾತ್ರ. "ಮೇಯರ್ ಮಾತು ಯಾರಿಗೆ ಬೇಕು ಬಿಡು" ಎನ್ನುತ್ತಿದ್ದನಂತೆ. ಜನ ಕೂಗುವಾಗ ಕಿಟಕಿಗೆ ಮುಖ ಒತ್ತಿ ನಿಂತು ಯಾವ ಸಾಲು ಜೋರು, ಯಾವ ಸಾಲು ಮೆತ್ತಗೆ ಎಂದು ಕೇಳುತ್ತಿದ್ದನಂತೆ. ಗ್ಯಾಲರಿಯಲ್ಲಿ ಕೂತು ನಾವು ಕಿವಿ ಮುಚ್ಚಿಕೊಂಡು ತಲೆ ತಗ್ಗಿಸುತ್ತಿದ್ದೆವಲ್ಲ, ನಮ್ಮ ನೆತ್ತಿಯ ಮೇಲೆಯೇ ಅವನು ಹಾಗೆ ನಗುತ್ತಾ ನಿಂತಿದ್ದ. ನೀನು ಹಲ್ಲು ಮುರಿಸಿಕೊಂಡು ಬಂದಾಗ ಅಪ್ಪ ಗಾಯ ತೊಳೆಯುತ್ತಾ ಏನೋ ಹೇಳಲು ಹೋಗಿ ಬಿಟ್ಟುಬಿಟ್ಟದ್ದು ನನಗೆ ನೆನಪಾಯಿತು.

ತ್ರಿನಿ ಅತ್ತೆ ನನ್ನ ಭುಜ ತಟ್ಟಿ, "ಮಿಕ್ಕಿದ್ದನ್ನ ಇಲ್ಲಿಂದ್ಲೇ ನೋಡೇ" ಎಂದಳು.

ಹಾಗಾಗಿ ಮಿಕ್ಕಿದ್ದನ್ನು ನಾನು ಅಪ್ಪನ ಕಿಟಕಿಯಿಂದ ನೋಡಿದೆ, ಲಿಸಾಂದ್ರೋ. ಅದನ್ನು ಹೇಗೆ ಬರೆಯಲಿ? ನನ್ನ ಕಿವಿಯ ಪಕ್ಕದಿಂದಲೇ ಬೆಳಕು ಹೊರಟು, ದಾರದಷ್ಟು ಸಣ್ಣಗಿದ್ದದ್ದು ಹೋಗುತ್ತಾ ಹೋಗುತ್ತಾ ಅಗಲವಾಗಿ, ಅಷ್ಟು ದೂರದಲ್ಲಿ ಒಂದು ನದಿಯಾಗಿ ಬೀಳುತ್ತಿತ್ತು. ಆ ಬೆಳಕಿನ ಕೆಳಗೆ ಊರಿಗೆ ಊರೇ ಕೂತಿತ್ತು, ಒಂದೇ ಕಡೆ ಮುಖ ಮಾಡಿ. ಯಾರೊಬ್ಬರೂ ತಿರುಗಿ ನೋಡುವುದಿಲ್ಲ. ಇದನ್ನು ಅಪ್ಪ ದಿನಕ್ಕೆ ಮೂರು ಸಲ, ಮೂವತ್ತೆರಡು ವರ್ಷ ನೋಡಿದ. ಸಣ್ಣ ಸಂಬಳದ, ಕಲೆಮುಖದ, ನಾಲ್ಕನೇ ಇಯತ್ತೆ ಓದಿದ ನಮ್ಮ ಅಪ್ಪ ಈ ಬೆಳಕಿನ ಬುಡದಲ್ಲಿದ್ದ. ನನಗೆ ಆದದ್ದು ಸಂತೋಷವೋ, ಹೆದರಿಕೆಯೋ, ನನಗೇ ತಿಳಿಯಲಿಲ್ಲ.

ಕೊನೆಯ ರೀಲಿಗೆ ಮುಂಚೆ ಯಾರೆಲಿ ನನ್ನನ್ನು ಹತ್ತಿರ ಕರೆದು, "ಅಜ್ಜೀ, ಎರಡನೇ ಚುಕ್ಕೆ ಬಂದಾಗ ಈ ಹಿಡಿ ಕೆಳಗೆ ಒತ್ತಿ" ಎಂದಳು.

"ನನ್ನ ಕೈಲಾಗಲ್ಲಮ್ಮ. ಹಾಳಾದ್ರೆ?"

"ಹಾಳಾದ್ರೆ ಕೆಳಗಿರೋರು ಹೇಳ್ತಾರೆ ಬಿಡಿ" ಎಂದು ನಕ್ಕಳು.

ಮೊದಲ ಚುಕ್ಕೆ ಬಂತು. ಅವಳು ಯಂತ್ರ ಚಾಲೂ ಮಾಡಿದಳು. ನಾನು ಎಣಿಸಿದೆ, ಬಾಯಿಬಿಟ್ಟು, ಅಪ್ಪನ ಹಾಗೆಯೇ ಕೊನೆಯ ಎರಡನ್ನು ಎಳೆದು. ಚುಕ್ಕೆ ಬಂತು, ಒತ್ತಿದೆ. ಆಚೆ ಯಂತ್ರದಲ್ಲಿ ಆರಿದ ನದಿ ಈಚೆ ಯಂತ್ರದಲ್ಲಿ ಹರಿಯಿತು, ಕೆಳಗೆ ಒಂದು ತಲೆಯೂ ಅಲುಗಲಿಲ್ಲ. ಸೇತುವೆಯ ಮೇಲೆ ಆ ವಿಧವೆಯ ಮಗ ತಾಯಿಗೆ ಗುರುತು ಹೇಳದೆ ನಡೆದುಹೋಗುತ್ತಾನೆ, ಅವಳು ಖಾಲಿ ದೋಣಿಯನ್ನು ನೀರಿಗೆ ಬಿಡುತ್ತಾಳಲ್ಲ, ಅದು ನನ್ನ ಕೈಯಿಂದ ಹೋಯಿತು ಕಣೋ. ನನ್ನ ಈ ಕೈಯಿಂದ.

ದೀಪ ಹತ್ತಿಕೊಂಡಾಗ ಎಲ್ಲರೂ ಎದ್ದು ನಿಂತರು. ತೆರೆಗೆ ಬೆನ್ನು ಮಾಡಿ ನಮ್ಮ ಕಿಟಕಿಯ ಕಡೆ ತಿರುಗಿ "ಕಾಕರೋ! ಕಾಕರೋ!" ಎಂದು ಚಪ್ಪಾಳೆ ತಟ್ಟಿದರು. ಈ ಸಲ ಗಾಜು ದಾಟಿ ಬಂತು. ಯಾರೆಲಿ ಕರವಸ್ತ್ರ ಬಿಚ್ಚಿ ಬೀಸಿದಳು. ತ್ರಿನಿ ಅತ್ತೆ ಅಳುತ್ತಿದ್ದಳು, ಅಳುತ್ತಲೇ ಇನ್ನೊಂದು ಮಾತು ಹೇಳಿದಳು: "ಅರವತ್ತಮೂರರಲ್ಲಿ ನಿಲ್ಲಿಸ್ಬಿಟ್ಟ ಕಣೇ. ಇದೇ ಚಿತ್ರ ನಡೀತಿತ್ತು, ಭಾನುವಾರ ಮಧ್ಯಾಹ್ನದ ಆಟದಲ್ಲಿ ಜಾರಿಸಿದ್ದೇ ಕೊನೆ. ಮಾರನೇ ದಿನ ತೆರೆ ಮೇಲೆ ಮೇಯರ್ ಬಂದ, ಭಾಷಣ ಮಾಡ್ದ, ಹೋದ. ಇವನು ತಿರುಪು ಮುಟ್ಲಿಲ್ಲ. ಯಾಕೋ ಅಂದೆ. 'ಸಾಕು ತ್ರಿನಿ' ಅಂದ. ಆಮೇಲೆ ರಿಟೈರ್ ಆಗೋವರೆಗೂ ಒಂದೇ ಒಂದು ಸಲ ಜಾರಿಸ್ಲಿಲ್ಲ. ಏನಾಗಿತ್ತೋ, ಕೊನೇವರೆಗೂ ಹೇಳ್ಲಿಲ್ಲ."

ಕೆಳಗೆ ಸೆಪೂಲ್ವೆದಾ ಕಾಗದ, ಪೆನ್ನು ಹಿಡಿದು ಕಾದಿದ್ದರು. "ನನ್ನ ತಮ್ಮನಿಗೆ ಬರೆದು ಕೇಳಬೇಕು" ಎಂದೆ. ಅವರು ಪೆನ್ನನ್ನು ಜೇಬಿಗೆ ಹಾಕಿಕೊಂಡು ನನ್ನನ್ನು ಮನೆಗೆ ಬಿಟ್ಟರು, ದಾರಿಯಲ್ಲಿ ಅಂಗಡಿಯೊಂದರಿಂದ ನಮ್ಮೂರಿನ ಆ ಮಾಂಸ ತುಂಬಿದ ದೊಡ್ಡ ಬನ್ನು ಕೊಡಿಸಿದರು. ಅರ್ಧ ತಿನ್ನಲಾಗದೆ ಉಳಿಸಿದೆ.

ತಮ್ಮಾ, ನೀನು ಬಂದು ಆ ಕಿಟಕಿಯಿಂದ ಒಮ್ಮೆ ನೋಡಬೇಕು. ಮಂಡಿನೋವಿದ್ದರೂ ಸರಿ, ಲಿಫ್ಟಿದೆ, ಮೇಲಿನ ಹದಿನಾಲ್ಕು ಮೆಟ್ಟಿಲಿಗೆ ನನ್ನ ಹೆಗಲಿದೆ. ಸತ್ತವರ ದಿನ ಅಪ್ಪನ ಪಟದ ಮುಂದೆ ಸಿಗರೇಟು, ಕಾಫಿ ಇಟ್ಟು ನಿನ್ನ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚಿದೆ. ನಿನ್ನ ಮನೆಯವರೆಲ್ಲ ತಣ್ಣಗಿರಲಿ, ಮೊಮ್ಮಕ್ಕಳು ನಿನ್ನ ಹಾಗೆ ಬೇಗ ಕೈ ಎತ್ತದವರಾಗಲಿ, ಗ್ವಾದಲೂಪೆಯ ತಾಯಿ ನಿನ್ನ ಮೇಲೆ ಕಣ್ಣಿಟ್ಟಿರಲಿ.

ನಿನ್ನ ಅಕ್ಕ,
ಎದೆಲ್ಮಿರಾ

ಮರೆತ ಮಾತು: ಮರೆತದ್ದಲ್ಲ. ಇಷ್ಟು ಬರೆದು ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಸಮಿತಿಯ ಒಪ್ಪಿಗೆ ಕಾಗದ ಇದರ ಜೊತೆಯಲ್ಲಿದೆ. ಅದರಲ್ಲಿ ನನ್ನ ಸಹಿಯ ಜಾಗ ಖಾಲಿ ಇದೆ, ನೋಡು. ಬೇಕೋ ಬೇಡವೋ ನೀನೊಬ್ಬನೇ ತೀರ್ಮಾನಿಸು. ನನಗೆ ಅದರ ಹಕ್ಕಿಲ್ಲ. ಊರಿನವರು ಅಪ್ಪನ ಬಾಯಿ ಕಟ್ಟಿಸಿದರು ಎಂದು ನೀನು ಐವತ್ತು ವರ್ಷ ಹೇಳಿದೆ, ನಾನು ಐವತ್ತು ವರ್ಷ ಹೂಂ ಎಂದೆ. ಊರಿನವರಲ್ಲ, ಲಿಸಾಂದ್ರೋ.

ಅರವತ್ತಮೂರರಲ್ಲಿ ನನಗೆ ಹದಿನಾಲ್ಕು. ಸನ್ಯಾಸಿನಿಯರ ಶಾಲೆಯ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಅವಳ ತಂದೆ ನಮ್ಮನ್ನೆಲ್ಲ ಭಾನುವಾರದ ಮಧ್ಯಾಹ್ನದ ಆಟಕ್ಕೆ, ಕೆಳಗಿನ ದುಬಾರಿ ಸೀಟಿಗೆ ಕರೆದುಕೊಂಡು ಹೋದರು. ನಮ್ಮಪ್ಪ ಸುಂಕದ ಕಚೇರಿಯಲ್ಲಿದ್ದಾನೆ ಎಂದು ನಾನು ಅವರಿಗೆಲ್ಲ ಹೇಳಿದ್ದೆ. ನಾನು ಬರುವುದು ಅಪ್ಪನಿಗೆ ಗೊತ್ತಿತ್ತು. ಮೇಯರ್ ಬಂದ, ಚಿತ್ರ ಜಾರಿತು, ಎಲ್ಲರೂ ಕೂಗಿದರು. ಯಾರಿಗೂ ಅನುಮಾನ ಬರದಿರಲೆಂದು ನಾನು ಎಲ್ಲರಿಗಿಂತ ಜೋರಾಗಿ, ಎದ್ದು ನಿಂತು ಕೂಗಿದೆ. "ಕಾಕರೋ" ಎಂದಷ್ಟೇ ಅಲ್ಲ, "ಸಿಡುಬುಮೋರೆ, ಎದ್ದೇಳೋ" ಎಂದೆ. ಚರ್ಚಿನಲ್ಲಿ ಒಬ್ಬಳೇ ಹಾಡುತ್ತಿದ್ದ ನನ್ನ ಗಂಟಲು ಅದು, ಮನೆಯಲ್ಲಿ ಅಪ್ಪ ದಿನಾ ಹಾಡಿಸಿ ಕೇಳುತ್ತಿದ್ದ ಗಂಟಲು. ಕೂಗಿದ ಮೇಲೆ ಹಿಂತಿರುಗಿ ಮೇಲೆ ನೋಡಿದೆ. ಕಿಟಕಿಯಲ್ಲಿ ಅವನ ಮುಖವಿತ್ತು. ನಗುತ್ತಿದ್ದ. ನಾನು ನೋಡುತ್ತಿದ್ದಂತೆ ಆ ಮುಖ ಅಲ್ಲಿಂದ ಸರಿಯಿತು.

ಸಂಜೆಯ ಆಟಕ್ಕೆ ಮುಂಚೆ ಅಪ್ಪ ಊಟಕ್ಕೆ ಮನೆಗೆ ಬಂದ. ನೀನು ಅಲ್ಲೇ ಕೂತು ಏಡಿಯ ಕಾಲು ಚೀಪುತ್ತಿದ್ದೆ, ನಿನಗೆ ನೆನಪಿರಲಾರದು. ಅವನು ಕೈ ತೊಳೆದು ನನ್ನ ಎದುರಿಗೆ ಕೂತು ತುಂಬ ಮೆತ್ತಗೆ ಹೇಳಿದ: "ಮಗಳೇ, ಚಿತ್ರ ಇವತ್ತು ಮಧ್ಯದಲ್ಲಿ ಒಂಚೂರು ಜಾರಿಹೋಯ್ತು. ನಿನ್ನ ಗೆಳತಿಯರ ಮುಂದೆ ನಿಂಗೆ ಬೇಜಾರಾಯ್ತೇನೋ. ಇನ್ಮೇಲೆ ಹಾಗಾಗಲ್ಲ."

ನಾನು ತಟ್ಟೆಯಿಂದ ಮುಖ ಎತ್ತದೆ, "ಆಗಲಿ ಅಪ್ಪ" ಎಂದೆ.